ಸರ್ವೋ ಹಾಕಿದ ಪಾಯಿಂಟ್ ಹಟ ಹಿಡಿದರೆ ಎಲ್ಲಿಂದ ಹುಡುಕಬೇಕು?

ಮನೆಯ ಮಾಡೆಲ್ ರೈಲು ಚೆನ್ನಾಗಿ ಓಡುತ್ತಿರುತ್ತದೆ. ಲೂಪ್ ಲೈನಿಗೆ ತಿರುಗಿಸೋಣ ಅಂತ ಪಾಯಿಂಟಿನ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆಯ, ಬಟನ್ ಒತ್ತುತ್ತೀರಿ. ಹಲಗೆಯ ಕೆಳಗಿಂದ ಗುಂಯ್ ಅಂತ ಸದ್ದು ಬರುತ್ತದೆ. ಪಾಯಿಂಟಿನಲ್ಲಿ ಆಚೀಚೆ ಸರಿಯುವ ಚೂಪು ಹಳಿ, ಅಂದರೆ ಬ್ಲೇಡ್, ಮಾತ್ರ ಅರ್ಧ ದಾರಿಯಲ್ಲೇ ನಿಂತಿರುತ್ತದೆ. ಎಂಜಿನ್ ಬಂದು ಅಲ್ಲೇ ಹಳಿ ತಪ್ಪುತ್ತದೆ. ಬ್ಲೇಡ್ ಸರಿಸುವ ಪುಟ್ಟ ಮೋಟರು, ಅಂದರೆ ಸರ್ವೋ, ಹೋಯಿತು ಅಂದುಕೊಂಡು ಹೊಸದು ತಂದು ಹಾಕುತ್ತೀರಿ. ಅದೂ ಹಾಗೇ ಮಾಡುತ್ತದೆ.

ನನ್ನ ಲೇಔಟ್‌ನಲ್ಲಿ, ಅಂದರೆ ಹಲಗೆಯ ಮೇಲೆ ಕಟ್ಟಿದ ಮಾಡೆಲ್ ರೈಲು ಮಾರ್ಗದಲ್ಲಿ, ಹನ್ನೊಂದು ಪಾಯಿಂಟ್‌ಗಳಿವೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಎಡಕುಮೇರಿ ಸ್ಟೇಷನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಹನ್ನೊಂದಕ್ಕೂ ಹಲಗೆಯಡಿ ಒಂದೊಂದು ಪುಟ್ಟ ಸರ್ವೋ ಇದೆ. ಇಷ್ಟು ದಿನ ಬಿಚ್ಚಿ ನೋಡಿದ ತೊಂದರೆಗಳಲ್ಲಿ ಸರ್ವೋ ಮೋಟರೇ ಕೆಟ್ಟಿದ್ದು ಬಹಳ ಕಡಿಮೆ. ಜಾಸ್ತಿ ಸಲ ತಪ್ಪು ಇದ್ದದ್ದು ತಂತಿಯಲ್ಲಿ, ಅಂಟಿನಲ್ಲಿ, ಹಲಗೆಯ ತೂತಿನಲ್ಲಿ, ಇಲ್ಲವೇ ಪವರ್ ಕೊಟ್ಟ ರೀತಿಯಲ್ಲಿ. ಹಾಗಾಗಿ ಕಾಸು ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಹೇಳುತ್ತೇನೆ. ಬಿಚ್ಚುವ, ಬೆಸುಗೆ ಹಾಕುವ ಕೆಲಸ ಆಮೇಲೆ.

ನಾನು ಹೇಳುತ್ತಿರುವುದು ಎಚ್‌ಒ ಅಳತೆಯ ಹಳಿಗೆ, ಅಂದರೆ 1:87 ಪ್ರಮಾಣ, 16.5 ಮಿ.ಮೀ. ಗೇಜ್. ಸರ್ವೋ ಎಲ್ಲರಿಗೂ ಗೊತ್ತಿರುವ 9 ಗ್ರಾಂ ತೂಕದ ನೀಲಿ ಎಸ್‌ಜಿ90. ಓಡಿಸುವುದು ಪ್ರೋಗ್ರಾಂ ಹಾಕಿ ಬಳಸುವ ಪುಟ್ಟ ಬೋರ್ಡ್ ಆರ್ಡುಯಿನೊ ಯುನೊ, ಅಥವಾ ಅದಕ್ಕೆ ಜೋಡಿಸಿದ 16 ಚಾನೆಲ್‌ನ ಪಿಸಿಎ9685 ಬೋರ್ಡ್. ನಿಮ್ಮದು 9 ಮಿ.ಮೀ. ಗೇಜಿನ ಎನ್ ಅಳತೆ ಆದರೂ ಹುಡುಕುವ ಕ್ರಮ ಇದೇ. ಎರಡು ಬ್ಲೇಡುಗಳನ್ನು ಜೋಡಿಸುವ ಅಡ್ಡಪಟ್ಟಿಗೆ ಟೈ ಬಾರ್ ಅನ್ನುತ್ತೇನೆ. ಸರ್ವೋ ತಲೆಯ ಮೇಲಿನ ಬಿಳಿ ಪ್ಲಾಸ್ಟಿಕ್ ಕೈಗೆ ಹಾರ್ನ್ ಅನ್ನುತ್ತೇನೆ.

ಕೈ ಹಾಕುವ ಮೊದಲು

ಸರ್ವೋ ಓಡುವುದು 5 ವೋಲ್ಟಿನಲ್ಲಿ. ಅದು ಶಾಕ್ ಹೊಡೆಯುವುದಿಲ್ಲ. ಆದರೆ ಹಲಗೆಯ ಕೆಳಗೆ ಅಡಾಪ್ಟರ್ ಇರುತ್ತದೆ, ಅದರ ಹಿಂದೆ 230 ವೋಲ್ಟ್ ಇರುತ್ತದೆ. ಕತ್ತಲಲ್ಲಿ ಬಗ್ಗಿ ಕೈಯಾಡಿಸುವಾಗ ಎಕ್ಸ್‌ಟೆನ್ಷನ್ ಬಾಕ್ಸಿಗೆ ಬೆರಳು ತಾಗಬಹುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಪವರ್ ಇಟ್ಟೇ ನೋಡಬೇಕಾದ ಪರೀಕ್ಷೆಗಳಲ್ಲಿ ಅಡಾಪ್ಟರನ್ನು ಮೇಲೆ, ಕಣ್ಣೆದುರು ಇಟ್ಟುಕೊಳ್ಳಿ. ತಗಡಿನ ಪೆಟ್ಟಿಗೆಯಂಥ, ಸ್ಕ್ರೂ ಟರ್ಮಿನಲ್ ಹೊರಗೆ ಕಾಣುವ ಎಸ್‌ಎಂಪಿಎಸ್ ಪವರ್ ಸಪ್ಲೈ ಬಳಸುತ್ತಿದ್ದರೆ ಟರ್ಮಿನಲ್‌ಗೆ ಮುಚ್ಚಳ ಮತ್ತು ಅರ್ಥಿಂಗ್ ಇರಲೇಬೇಕು. ಅದು ಇಲ್ಲದಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ನ ಕರೆಯಿರಿ, ಪಾಯಿಂಟ್ ಆಮೇಲೆ ನೋಡೋಣ.

ಇನ್ನೊಂದು ಮಾತು. ಎಸ್‌ಜಿ90 ಒಳಗಿನ ಗಿಯರ್‌ಗಳು ನೈಲಾನ್‌ನವು. ಹಾರ್ನ್ ಹಿಡಿದು ಜೋರಾಗಿ ತಿರುವಬೇಡಿ. ಪವರ್ ಇದ್ದಾಗಲಂತೂ ತಿರುವಲೇಬೇಡಿ, ಹಲ್ಲು ಮುರಿಯುತ್ತದೆ.

ಯಾವ ಲಕ್ಷಣವಾದರೂ ಸರಿ, ಮೊದಲು ತಂತಿ ಬಿಡಿಸಿ

ಸರ್ವೋದಿಂದ ಮೇಲೆ ಹೋಗುವ ಸ್ಟೀಲ್ ತಂತಿಯನ್ನು ಟೈ ಬಾರ್ ತೂತಿನಿಂದ ಹೊರಗೆ ತೆಗೆಯಿರಿ. ಈಗ ತೊಂದರೆ ಎರಡು ಭಾಗವಾಯಿತು. ಮೇಲೆ ಹಳಿ, ಕೆಳಗೆ ಮೋಟರು.

ಮೇಲಿನದನ್ನು ಬೆರಳಿನಿಂದ ಸರಿಸಿ ನೋಡಿ. ಟೈ ಬಾರ್ ಎರಡೂ ಕಡೆ ಸರಾಗವಾಗಿ ಹೋಗಬೇಕು. ಉಗುರಿನ ತುದಿಯಲ್ಲಿ ತಳ್ಳಿದರೆ ಸಾಕಾಗಬೇಕು. ಎಲ್ಲಾದರೂ ಕಚ್ಚಿದ ಹಾಗೆ ಅನ್ನಿಸಿದರೆ ಸರ್ವೋ ಕಡೆ ತಲೆ ಹಾಕಲೇಬೇಡಿ, ದೋಷ ಅಲ್ಲೇ ಇದೆ. ಕೆಳಗಿನದಕ್ಕೆ ಬಟನ್ ಒತ್ತಿ ನೋಡಿ. ಹೊರೆ ಇಲ್ಲದೆ ಹಾರ್ನ್ ಸರಾಗವಾಗಿ ಹೋಗಿ ಸದ್ದಿಲ್ಲದೆ ನಿಂತರೆ ಮೋಟರು, ಬೋರ್ಡು, ಪವರ್ ಮೂರೂ ಬಹುತೇಕ ಸರಿಯಿವೆ.

ಇದಕ್ಕೆ ಎರಡು ನಿಮಿಷ ಬೇಕು. ಮುಂದಿನ ಅರ್ಧ ಕೆಲಸ ಇಲ್ಲೇ ಉಳಿತಾಯವಾಗುತ್ತದೆ.

ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ

ಸದ್ದೂ ಇಲ್ಲ, ಅಲುಗಾಟವೂ ಇಲ್ಲ. ಪಕ್ಕದ ಪಾಯಿಂಟ್ ಕೆಲಸ ಮಾಡುತ್ತಿದೆಯಾ ನೋಡಿ. ಅದು ಸರಿಯಿದ್ದರೆ ಅದರ ಪ್ಲಗ್ಗಿನ ಜಾಗಕ್ಕೆ ಇದನ್ನು ಚುಚ್ಚಿ. ಅಲ್ಲಿ ಓಡಿದರೆ ಸರ್ವೋ ಚೆನ್ನಾಗಿದೆ, ತಪ್ಪು ಹಳೆಯ ಪಿನ್ನಿನಲ್ಲಿ ಅಥವಾ ಪ್ರೋಗ್ರಾಂನಲ್ಲಿ. ಅಲ್ಲೂ ಓಡದಿದ್ದರೆ ಸರ್ವೋ ಅಥವಾ ಅದರ ವೈರ್.

ಪ್ಲಗ್ ತಿರುಗಾ ಮುರುಗಾ ಆಗಿರುವುದು ತುಂಬಾ ಸಾಮಾನ್ಯ. ಕಂದು ವೈರ್ ಗ್ರೌಂಡ್ (ಮೈನಸ್), ಕೆಂಪು 5 ವೋಲ್ಟ್, ಕಿತ್ತಳೆ ಸಿಗ್ನಲ್. ಕೆಂಪು ಮಧ್ಯದಲ್ಲಿರುವುದರಿಂದ ಉಲ್ಟಾ ಚುಚ್ಚಿದರೂ 5 ವೋಲ್ಟ್ ತನ್ನ ಜಾಗದಲ್ಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ ಸುಡುವುದಿಲ್ಲ, ಸುಮ್ನೆ ಓಡುವುದಿಲ್ಲ ಅಷ್ಟೇ. ಬಿಡಿ ಬಿಡಿ ಜಂಪರ್ ವೈರ್ ಬಳಸಿದ್ದರೆ ಈ ರಕ್ಷಣೆ ಇಲ್ಲ. ಕೆಂಪು ಮತ್ತು ಕಂದು ಅದಲು ಬದಲಾದರೆ ಸರ್ವೋ ಒಳಗಿನ ಸರ್ಕ್ಯೂಟ್ ಹೋಗುತ್ತದೆ.

ಎಲ್ಲ ಸರ್ವೋಗಳೂ ಒಟ್ಟಿಗೆ ಸತ್ತಂತಿದ್ದು, ಪಿಸಿಎ9685 ಬೋರ್ಡಿನ ಲೈಟ್ ಮಾತ್ರ ಉರಿಯುತ್ತಿದ್ದರೆ ಸ್ಕ್ರೂ ಟರ್ಮಿನಲ್ ನೋಡಿ. ಆ ಬೋರ್ಡಿಗೆ ಎರಡು ಪವರ್ ಬೇಕು. ಆರ್ಡುಯಿನೊದಿಂದ ಬರುವುದು ಚಿಪ್ಪಿಗೆ ಮಾತ್ರ. ಸರ್ವೋಗಳಿಗೆ ಬೇಕಾದ 5 ವೋಲ್ಟನ್ನು ಹಸಿರು ಅಥವಾ ನೀಲಿ ಟರ್ಮಿನಲ್‌ನಲ್ಲಿ ಬೇರೆಯಾಗಿ ಕೊಡಬೇಕು. ಲೈಟ್ ಉರಿಯುವುದನ್ನು ನೋಡಿ ಪವರ್ ಇದೆ ಅಂದುಕೊಂಡು ತಾಸುಗಟ್ಟಲೆ ಪ್ರೋಗ್ರಾಂ ತಿದ್ದಿದವರನ್ನು ನಾನು ಬಲ್ಲೆ.

ಇದರ ಜೊತೆಗೆ ಗ್ರೌಂಡ್ ನೋಡಿ. ಸರ್ವೋಗೆ ಬೇರೆ ಅಡಾಪ್ಟರ್ ಕೊಟ್ಟಿದ್ದರೆ ಅದರ ಮೈನಸ್ ಮತ್ತು ಆರ್ಡುಯಿನೊದ ಗ್ರೌಂಡ್ ಒಂದಕ್ಕೊಂದು ಸೇರಿರಬೇಕು. ಸೇರದಿದ್ದರೆ ಸಿಗ್ನಲ್‌ಗೆ ಅರ್ಥವೇ ಇರುವುದಿಲ್ಲ. ಸರ್ವೋ ಒಮ್ಮೆ ಸುಮ್ಮನಿರುತ್ತದೆ, ಒಮ್ಮೆ ತನ್ನಿಷ್ಟಕ್ಕೆ ಕುಣಿಯುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಒಂದು ಸರ್ವೋ ಟೆಸ್ಟರ್ ಇಟ್ಟುಕೊಳ್ಳಿ. ತಿರುಗಿಸುವ ಗುಬ್ಬಿ ಇರುವ ಪುಟ್ಟ ಡಬ್ಬಿ ಅದು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಕಡಿಮೆ ದುಡ್ಡಿಗೇ ಸಿಗುತ್ತದೆ. ಆರ್ಡುಯಿನೊ, ಪ್ರೋಗ್ರಾಂ ಎಲ್ಲವನ್ನೂ ಪಕ್ಕಕ್ಕಿಟ್ಟು ಸರ್ವೋ ಒಂದನ್ನೇ ಪರೀಕ್ಷಿಸಬಹುದು.

ತಿರುಗಿ ನಿಂತ ಮೇಲೂ ಗುಂಯ್ ಅನ್ನುತ್ತಿದೆ

ಎಲ್ಲರಿಗೂ ಬರುವ ತೊಂದರೆ ಇದು, ಎಲ್ಲರೂ ತಪ್ಪಾಗಿ ತಿಳಿಯುವುದೂ ಇದನ್ನೇ. ಈ ಸದ್ದು ಸರ್ವೋ ಕೆಟ್ಟಿದೆ ಅನ್ನುವ ಸೂಚನೆ ಅಲ್ಲ. ಹೇಳಿದ ಜಾಗಕ್ಕೆ ಹೋಗಲು ಆಗುತ್ತಿಲ್ಲ, ಇನ್ನೂ ತಳ್ಳುತ್ತಿದ್ದೇನೆ ಅಂತ ಅದು ಹೇಳುತ್ತಿದೆ.

ಒಳಗೆ ನಡೆಯುವುದು ಹೀಗೆ. ಬೋರ್ಡು ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್ ಕಳಿಸುತ್ತದೆ. 1500 ಮೈಕ್ರೊಸೆಕೆಂಡಿನ ಪಲ್ಸ್ ಅಂದರೆ ಮಧ್ಯಕ್ಕೆ ಬಾ ಅಂತ. ಅದಕ್ಕಿಂತ ಕಡಿಮೆ ಆದರೆ ಒಂದು ಕಡೆ, ಜಾಸ್ತಿ ಆದರೆ ಇನ್ನೊಂದು ಕಡೆ. ಸರ್ವೋ ಒಳಗೆ ಹಾರ್ನ್ ಜೊತೆಗೇ ತಿರುಗುವ ಒಂದು ಪೊಟೆನ್ಶಿಯೊಮೀಟರ್ ಇದೆ. ಈಗ ಎಲ್ಲಿದ್ದೇನೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಹೇಳಿದ ಜಾಗಕ್ಕೂ ಇರುವ ಜಾಗಕ್ಕೂ ವ್ಯತ್ಯಾಸ ಇರುವ ತನಕ ಮೋಟರಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಬ್ಲೇಡ್ ಪಕ್ಕದ ಕದಲದ ಹಳಿಗೆ, ಅಂದರೆ ಸ್ಟಾಕ್ ರೈಲಿಗೆ, ತಾಗಿ ನಿಂತಿದೆ, ಪ್ರೋಗ್ರಾಂ ಮಾತ್ರ ಇನ್ನೂ ಐದು ಡಿಗ್ರಿ ಹೋಗು ಅನ್ನುತ್ತಿದೆ. ಗುಂಯ್ ಅನ್ನದೆ ಇನ್ನೇನು ಮಾಡೀತು, ಅಲ್ವಾ?

ಮೊದಲ ಮದ್ದು, ಪ್ರಯಾಣ ಕಡಿಮೆ ಮಾಡುವುದು. ಬ್ಲೇಡ್ ಚಲಿಸಬೇಕಾದದ್ದು ಮೂರು ಮಿ.ಮೀ. ಆಸುಪಾಸು ಮಾತ್ರ. ಅದಕ್ಕೆ 0ದಿಂದ 180 ಡಿಗ್ರಿ ಬೇಕಿಲ್ಲ. ಮಧ್ಯದ 90ರಿಂದ ಶುರು ಮಾಡಿ. ಒಂದೊಂದೇ ಡಿಗ್ರಿ ಹೊರಗೆ ಹೋಗಿ. ಬ್ಲೇಡ್ ರೈಲಿಗೆ ತಾಗಿದ ಮೇಲೆ ತಂತಿ ಸ್ವಲ್ಪವೇ ಬಾಗುವಷ್ಟು, ಎರಡೋ ಮೂರೋ ಡಿಗ್ರಿ ಮುಂದೆ ಹೋಗಿ ನಿಲ್ಲಿಸಿ. ನನ್ನ ಪಾಯಿಂಟ್‌ಗಳಲ್ಲಿ ಹೆಚ್ಚಿನವು 70ರಿಂದ 110ರ ಒಳಗೆ ಮುಗಿಯುತ್ತವೆ. ಡಿಗ್ರಿ ಲೆಕ್ಕ ಒರಟು ಅನ್ನಿಸಿದರೆ ಮೈಕ್ರೊಸೆಕೆಂಡಿನಲ್ಲೇ ಬರೆಯಿರಿ. ಆರ್ಡುಯಿನೊ ಸರ್ವೋ ಲೈಬ್ರರಿಯಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 10 ಮೈಕ್ರೊಸೆಕೆಂಡ್.

ಎರಡನೆಯದು ತಂತಿ. ತಂತಿಯೇ ಇಲ್ಲಿ ಸ್ಪ್ರಿಂಗ್‌ನ ಕೆಲಸ ಮಾಡಬೇಕು. ಸರ್ವೋ ಸ್ವಲ್ಪ ಜಾಸ್ತಿ ಹೋದರೂ ಆ ಹೆಚ್ಚುವರಿಯನ್ನು ತಂತಿ ಬಾಗಿ ನುಂಗಿಕೊಳ್ಳಬೇಕು. 0.8 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ ನನಗೆ ಒಗ್ಗಿದೆ. ಸೈಕಲ್ ಕಡ್ಡಿ ತುಂಬಾ ಗಟ್ಟಿ, ಬಾಗುವುದೇ ಇಲ್ಲ, ಭಾರವೆಲ್ಲ ಮೋಟರಿನ ಮೇಲೆ ಬೀಳುತ್ತದೆ. ಪೇಪರ್ ಕ್ಲಿಪ್ ಬಿಡಿಸಿ ಹಾಕುವವರೂ ಇದ್ದಾರೆ. ಆ ತಂತಿ ಬಾಗಿದರೆ ಬಾಗಿದ ಹಾಗೇ ಉಳಿಯುತ್ತದೆ, ವಾಪಸ್ ಬರುವುದಿಲ್ಲ. ಮೊದಲ ವಾರ ಚೆನ್ನಾಗಿರುತ್ತದೆ, ಆಮೇಲೆ ಬ್ಲೇಡ್ ಒಂದು ಕಡೆ ಸಡಿಲ. ಸರ್ವೋವನ್ನು ಹಳಿಯ ಪಕ್ಕದಲ್ಲೇ ಇಟ್ಟು ಅಡ್ಡಲಾಗಿ ತಳ್ಳುವ ಜೋಡಣೆ ನಿಮ್ಮದಾದರೆ ತಂತಿಯ ಮಧ್ಯದಲ್ಲಿ ಯು ಆಕಾರದ ಒಂದು ಬಳುಕು ಮಾಡಿ. ಅದೇ ಸ್ಪ್ರಿಂಗ್ ಆಗುತ್ತದೆ.

ಮೂರನೆಯದು ಪಾಯಿಂಟಿನ ಒಳಗೇ ಇರುವ ಸ್ಪ್ರಿಂಗ್. ಪೆಕೊ ಕಂಪನಿಯ ಪಾಯಿಂಟ್‌ಗಳಲ್ಲಿ ಟೈ ಬಾರ್ ಹತ್ತಿರ ಟಕ್ಕನೆ ಆಚೆ ಈಚೆ ಹಾರುವ ಪುಟ್ಟ ಸ್ಪ್ರಿಂಗ್ ಇರುತ್ತದೆ. ಕೈಯಲ್ಲಿ ತಿರುಗಿಸುವವರಿಗೆ ಅದು ಒಳ್ಳೆಯದು. ಸರ್ವೋ ಹಾಕಿದ ಮೇಲೆ ಎರಡು ಸ್ಪ್ರಿಂಗ್‌ಗಳು ಜಗಳಕ್ಕೆ ನಿಲ್ಲುತ್ತವೆ. ನಾನಂತೂ ತೆಗೆದುಬಿಡುತ್ತೇನೆ. ತೆಗೆಯುವಾಗ ಮೇಲೆ ಬೆರಳು ಅಡ್ಡ ಇಟ್ಟುಕೊಳ್ಳಿ, ಕನ್ನಡಕ ಹಾಕಿಕೊಳ್ಳಿ. ಚಿಮ್ಮಿದರೆ ಸೀದಾ ಮುಖಕ್ಕೆ ಬರುತ್ತದೆ.

ಕೊನೆಗೆ ಪಲ್ಸ್ ನಿಲ್ಲಿಸುವ ಉಪಾಯ. ಬ್ಲೇಡ್ ತಲುಪಿ ಅರ್ಧ ಸೆಕೆಂಡ್ ಆದ ಮೇಲೆ ಪ್ರೋಗ್ರಾಂನಲ್ಲಿ ಡಿಟ್ಯಾಚ್ ಕೊಟ್ಟರೆ ಸದ್ದು ನಿಲ್ಲುತ್ತದೆ. ಪಿಸಿಎ9685 ಆದರೆ ಆ ಚಾನೆಲ್‌ನ ಔಟ್‌ಪುಟ್ಟನ್ನು ಪೂರ್ತಿ ಆಫ್ ಮಾಡಿ. ಗಿಯರ್‌ಗಳ ಬಿಗಿತವೇ ಬ್ಲೇಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಇದನ್ನು ಕೊನೆಯಲ್ಲೇ ಮಾಡಿ. ಮೊದಲೇ ಮಾಡಿದರೆ ದೋಷ ಒಳಗೇ ಉಳಿದು ಸದ್ದು ಮಾತ್ರ ಅಡಗುತ್ತದೆ. ಪ್ರತಿ ಸಲ ತಿರುಗಿಸುವಾಗಲೂ ಗಿಯರ್ ಮೇಲೆ ಅದೇ ಒತ್ತಡ ಬೀಳುತ್ತಿರುತ್ತದೆ.

ಬ್ಲೇಡ್ ಪೂರ್ತಿ ಕೂರುತ್ತಿಲ್ಲ, ಗಾಡಿ ಅಲ್ಲೇ ಹಳಿ ತಪ್ಪುತ್ತಿದೆ

ಇಲ್ಲಿ ಕಣ್ಣನ್ನು ನಂಬಬೇಡಿ. ಹಳೆ ನ್ಯೂಸ್‌ಪೇಪರಿನಿಂದ ಬೆರಳಗಲದ ಪಟ್ಟಿ ಹರಿದುಕೊಳ್ಳಿ. ಬ್ಲೇಡಿನ ತುದಿ ಮತ್ತು ಸ್ಟಾಕ್ ರೈಲಿನ ನಡುವೆ ಅದನ್ನಿಟ್ಟು ಪಾಯಿಂಟ್ ತಿರುಗಿಸಿ. ಈಗ ಮೆಲ್ಲಗೆ ಎಳೆಯಿರಿ. ಹಿಡಿದುಕೊಂಡರೆ ಬ್ಲೇಡ್ ಕೂತಿದೆ. ಸಲೀಸಾಗಿ ಜಾರಿ ಬಂದರೆ ಕೂತಿಲ್ಲ. ಎರಡೂ ಕಡೆ ಹೀಗೇ ನೋಡಿ.

ನಮ್ಮ ರೈಲ್ವೆಯಲ್ಲಿ ಪಾಯಿಂಟ್ ಪರೀಕ್ಷೆ ಮಾಡುವುದೂ ಹೆಚ್ಚುಕಡಿಮೆ ಇದೇ ರೀತಿ. ಬ್ಲೇಡ್ ಮತ್ತು ಸ್ಟಾಕ್ ರೈಲಿನ ಮಧ್ಯೆ 5 ಮಿ.ಮೀ. ದಪ್ಪದ ತುಂಡು ಇಟ್ಟು ತಿರುಗಿಸುತ್ತಾರೆ. ಆಗ ಪಾಯಿಂಟ್ ಲಾಕ್ ಆಗಬಾರದು. 5 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 0.06 ಮಿ.ಮೀ. ಬರುತ್ತದೆ. ನ್ಯೂಸ್‌ಪೇಪರಿನ ದಪ್ಪಕ್ಕೆ ಹತ್ತಿರದ ಅಳತೆ ಅದು. ಇದನ್ನು ಲೆಕ್ಕ ಹಾಕಿ ನೋಡಿದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಕಾಗದ ಜಾರಿ ಬಂತು ಅಂದುಕೊಳ್ಳಿ. ತಂತಿ ಬಿಡಿಸಿ, ಟೈ ಬಾರನ್ನು ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಕಾಗದ ಎಳೆಯಿರಿ. ಬೆರಳಿನಿಂದಲೂ ಕೂರದಿದ್ದರೆ ನಡುವೆ ಏನೋ ಸಿಕ್ಕಿಕೊಂಡಿದೆ. ಟಾರ್ಚ್ ಹಿಡಿದು, ಭೂತಗನ್ನಡಿ ಇಟ್ಟು ನೋಡಿ. ಜಲ್ಲಿಯ ಒಂದು ಕಾಳು ಸಾಕು. ಹಳಿಗೆ ಜಲ್ಲಿ ಹಾಕಿ ನೀರು ಬೆರೆಸಿದ ಫೆವಿಕಾಲ್ ಬಿಟ್ಟಿರುತ್ತೀರಲ್ಲ, ಅದು ಹರಿದು ಟೈ ಬಾರ್ ಅಡಿಗೆ ಹೋಗಿರುತ್ತದೆ. ಒಣಗಿದ ಮೇಲೆ ಗಾಜಿನ ಹಾಗೆ ಕಾಣುವ ತೆಳು ಪೊರೆ ಇರುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ. ಪವರ್ ತೆಗೆದು, ಸಣ್ಣ ಬ್ರಷ್ಷಿನಲ್ಲಿ ಬಿಸಿ ನೀರು ಹಚ್ಚಿ, ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಆಡಿಸಿ. ಅಂಟು ಮೆತ್ತಗಾಗಿ ಬಿಡುತ್ತದೆ. ಕೆಳಗೆ ಸರ್ವೋ ಮೇಲೆ ನೀರು ತೊಟ್ಟಿಕ್ಕದಂತೆ ಬಟ್ಟೆ ಇಟ್ಟಿರಿ. ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ ಮಾತ್ರ ಹಾಕಬೇಡಿ. ಎರಡೇ ವಾರದಲ್ಲಿ ಧೂಳು ಹಿಡಿದು ಮೊದಲಿಗಿಂತ ಬಿಗಿಯಾಗುತ್ತದೆ.

ಬೆರಳಿನಿಂದ ಕೂರುತ್ತದೆ, ಸರ್ವೋದಿಂದ ಕೂರುವುದಿಲ್ಲ ಅಂದರೆ ಹಲಗೆಯ ತೂತು ನೋಡಿ. ತಂತಿ ಹಾದು ಬರುವ ತೂತು ಚಿಕ್ಕದಿದ್ದರೆ ತಂತಿ ಅದರ ಅಂಚಿಗೆ ಒರಗಿ ನಿಂತುಬಿಡುತ್ತದೆ. ಕೆಳಗೆ ಹಾರ್ನ್ ತಿರುಗುತ್ತದೆ, ಮೇಲೆ ತುದಿ ಚಲಿಸುವುದಿಲ್ಲ. 12 ಮಿ.ಮೀ. ಪ್ಲೈವುಡ್‌ಗೆ 8ರಿಂದ 10 ಮಿ.ಮೀ. ತೂತು ಇರಲಿ. ತೂತು ಸರಿಯಿದ್ದರೆ ತಂತಿಯನ್ನು ಹಾರ್ನಿನ ಇನ್ನೊಂದು ತೂತಿಗೆ ಬದಲಿಸಿ. ಒಳಗಿನ ತೂತಿಗೆ ಹಾಕಿದರೆ ಬಲ ಜಾಸ್ತಿ, ಚಲನೆ ಕಡಿಮೆ. ಹೊರಗಿನದಕ್ಕೆ ಹಾಕಿದರೆ ಅದರ ಉಲ್ಟಾ.

ಸರ್ವೋಗೆ ಶಕ್ತಿ ಸಾಲದು, ದೊಡ್ಡದು ಹಾಕೋಣ ಅನ್ನುವ ಯೋಚನೆ ಬರಬಹುದು. ಎಸ್‌ಜಿ90ಗೆ 4.8 ವೋಲ್ಟಿನಲ್ಲಿ ಸುಮಾರು 1.8 ಕೆ.ಜಿ.-ಸೆಂ.ಮೀ. ಟಾರ್ಕ್ ಇದೆ. ಬ್ಲೇಡ್ ಸರಿಸಲು ಬೇಕಾದದ್ದು ಅದರಲ್ಲಿ ಸಣ್ಣ ಪಾಲು. ದೊಡ್ಡ ಸರ್ವೋ ಹಾಕಿದರೆ ಬಿಗಿ ಬಿಡುವುದಿಲ್ಲ, ಬ್ಲೇಡೇ ಟೈ ಬಾರ್‌ನಿಂದ ಕಿತ್ತು ಬರುತ್ತದೆ. ಹಾಗೆ ಕಿತ್ತು ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಪಾಯಿಂಟನ್ನೇ ಎಬ್ಬಿಸಿ ಹೊಸ ಟೈ ಬಾರ್ ಹಾಕಬೇಕಾಗುತ್ತದೆ. ಮೊದಲ ಸಲ ಆದರೆ ಈ ಕೆಲಸ ಮಾಡಿ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕರೆಂಟ್ ಹೋಗಿ ಬಂದರೆ ಎಲ್ಲ ಪಾಯಿಂಟ್‌ಗಳೂ ಒಟ್ಟಿಗೆ ಹಾರುತ್ತವೆ

ನಮ್ಮಲ್ಲಿ ಮಳೆಗಾಲದಲ್ಲಿ ಇದು ದಿನಕ್ಕೆ ನಾಲ್ಕು ಸಲ ಆದರೂ ಆಗುತ್ತದೆ. ಕರೆಂಟ್ ಬಂದ ತಕ್ಷಣ ಟಕ್ ಟಕ್ ಅಂತ ಎಲ್ಲವೂ ಮಧ್ಯಕ್ಕೆ ಹಾರಿ, ಆಮೇಲೆ ತಮ್ಮ ಜಾಗಕ್ಕೆ ಹೋಗುತ್ತವೆ. ಪಾಯಿಂಟ್ ಮೇಲೆ ಬೋಗಿ ನಿಂತಿದ್ದರೆ ಅದು ಅಡ್ಡ ಬೀಳುತ್ತದೆ.

ಆರ್ಡುಯಿನೊದಲ್ಲಿ ಅಟ್ಯಾಚ್ ಕೊಟ್ಟ ಕೂಡಲೇ, ಬೇರೇನೂ ಹೇಳದಿದ್ದರೆ, ಸರ್ವೋ ಲೈಬ್ರರಿ 1500 ಮೈಕ್ರೊಸೆಕೆಂಡಿನ ಪಲ್ಸ್ ಕಳಿಸಲು ಶುರು ಮಾಡುತ್ತದೆ. ಅಂದರೆ ಮಧ್ಯಕ್ಕೆ ಬಾ ಅಂತ. ಸರ್ವೋಗೆ ನಿಧಾನ ಅನ್ನುವುದು ಗೊತ್ತಿಲ್ಲ, ಇರುವ ವೇಗದಲ್ಲೇ ಓಡುತ್ತದೆ.

ಖರ್ಚಿಲ್ಲದ ಮದ್ದು ಪ್ರೋಗ್ರಾಂನಲ್ಲಿದೆ. ಪ್ರತಿ ಸಲ ಪಾಯಿಂಟ್ ತಿರುಗಿದಾಗ ಅದು ಯಾವ ಕಡೆ ಇದೆ ಅನ್ನುವುದನ್ನು ಇಇಪ್ರಾಮ್‌ನಲ್ಲಿ, ಅಂದರೆ ಕರೆಂಟ್ ಹೋದರೂ ಅಳಿಯದ ಬೋರ್ಡಿನ ಮೆಮೊರಿಯಲ್ಲಿ, ಬರೆದಿಡಿ. ಶುರುವಿನಲ್ಲಿ ಅದನ್ನು ಓದಿ, ಆ ಅಳತೆಯ ಪಲ್ಸನ್ನು ಅಟ್ಯಾಚ್‌ಗಿಂತ ಮೊದಲೇ ಕೊಡಿ. ಆಮೇಲೆ ಅಟ್ಯಾಚ್ ಮಾಡಿ. ಆಗ ಸರ್ವೋ ತಾನು ಇದ್ದಲ್ಲೇ ಇರುತ್ತದೆ. ಯುನೊದ ಇಇಪ್ರಾಮ್‌ನ ಒಂದೊಂದು ಜಾಗವನ್ನೂ 1,00,000 ಸಲ ಬರೆಯಬಹುದು. ದಿನಕ್ಕೆ ಐವತ್ತು ಸಲ ತಿರುಗಿಸಿದರೂ ಐದು ವರ್ಷ ದಾಟುತ್ತದೆ.

ಇಷ್ಟು ಮಾಡಿದರೂ ಪವರ್ ಬಂದ ಕ್ಷಣ ಸಣ್ಣದೊಂದು ಸೆಳೆತ ಉಳಿಯಬಹುದು. ಬೋರ್ಡ್ ಎಚ್ಚರಗೊಳ್ಳುವ ಮೊದಲು ಸಿಗ್ನಲ್ ವೈರ್ ಅತಂತ್ರವಾಗಿ ತೇಲುತ್ತಿರುತ್ತದೆ. ಸಿಗ್ನಲ್ ಮತ್ತು ಗ್ರೌಂಡ್ ನಡುವೆ 10 ಕಿಲೊ ಓಮ್ ರೆಸಿಸ್ಟರ್ ಹಾಕಿ ನೋಡಿ. ಕೆಲವು ಸರ್ವೋಗಳಿಗೆ ಅದೇ ರೆಸಿಸ್ಟರನ್ನು 5 ವೋಲ್ಟಿನ ಕಡೆ ಹಾಕಿದರೆ ಒಳ್ಳೆಯದಾಗುತ್ತದೆ. ಎರಡನ್ನೂ ಹಾಕಿ ನೋಡುವುದೇ ದಾರಿ. ಅದಕ್ಕೂ ಬಗ್ಗದಿದ್ದರೆ ಸರ್ವೋಗಳ 5 ವೋಲ್ಟನ್ನು ಒಂದು ರಿಲೇ ಮೂಲಕ ಕೊಡಿ. ಬೋರ್ಡ್ ಎದ್ದು, ಪಲ್ಸ್ ಶುರುವಾಗಿ ಒಂದು ಸೆಕೆಂಡ್ ಆದ ಮೇಲೆ ರಿಲೇ ಆನ್ ಆಗಲಿ. ಸಿಗ್ನಲ್ ವೈರಿನಲ್ಲಿ 470 ಓಮ್ ರೆಸಿಸ್ಟರ್ ಸರಣಿಯಲ್ಲಿರಲಿ. ನನ್ನ ಲೇಔಟ್‌ನಲ್ಲಿ ಕೊನೆಗೆ ಉಳಿದದ್ದು ಈ ಏರ್ಪಾಡು. ಈಗ ಕರೆಂಟ್ ಬಂದರೆ ರಿಲೇ ಸದ್ದು ಒಂದೇ ಕೇಳುತ್ತದೆ.

ಒಂದನ್ನು ತಿರುಗಿಸಿದರೆ ಇನ್ನೊಂದು ನಡುಗುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ

ಪವರ್ ಸಾಲುತ್ತಿಲ್ಲ. ಯುನೊ ಮೇಲಿನ ಎಲ್ ಅಂತ ಬರೆದ ಲೈಟನ್ನು ನೋಡುತ್ತಾ ಬಟನ್ ಒತ್ತಿ. ಆ ಕ್ಷಣ ಅದು ಪಟಪಟನೆ ಮಿಂಚಿದರೆ ಬೋರ್ಡ್ ಮತ್ತೆ ಶುರುವಾಗುತ್ತಿದೆ ಅಂತ ಅರ್ಥ.

ಒಂದು ಎಸ್‌ಜಿ90 ಹೊರಡುವಾಗ ಅಥವಾ ಸಿಕ್ಕಿಕೊಂಡಾಗ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಎಳೆಯಬಹುದು. ಯುನೊದ ಯುಎಸ್‌ಬಿ ದಾರಿಯಲ್ಲಿರುವ ಫ್ಯೂಸ್ 500 ಮಿಲಿ ಆಂಪಿಯರ್‌ನದು. ಒಂದು ಸರ್ವೋ ಹೇಗೋ ಓಡೀತು, ಎರಡಕ್ಕೆ ಸೋಲುತ್ತದೆ. 12 ವೋಲ್ಟ್ ಅಡಾಪ್ಟರನ್ನು ಯುನೊದ ದುಂಡು ಸಾಕೆಟ್ಟಿಗೆ ಚುಚ್ಚಿ, ಅದರ 5 ವೋಲ್ಟ್ ಪಿನ್ನಿನಿಂದ ಸರ್ವೋ ಓಡಿಸುವುದು ಇನ್ನೂ ಕೆಟ್ಟದ್ದು. ಉಳಿದ 7 ವೋಲ್ಟ್ ಅಲ್ಲೇ ಶಾಖವಾಗಬೇಕು. ಅರ್ಧ ಆಂಪಿಯರ್‌ಗೆ 3.5 ವಾಟ್ ಆಯಿತು. ಬೋರ್ಡಿನ ರೆಗ್ಯುಲೇಟರ್ ಮುಟ್ಟಿದರೆ ಬೆರಳು ಸುಡುತ್ತದೆ.

ಸರ್ವೋಗಳಿಗೆ 5 ವೋಲ್ಟ್, 3 ಆಂಪಿಯರ್‌ನ ಬೇರೆ ಅಡಾಪ್ಟರ್ ಕೊಡಿ. ಗ್ರೌಂಡ್ ಸೇರಿಸುವುದನ್ನು ಮರೆಯಬೇಡಿ. ಎಲ್ಲವನ್ನೂ ಒಟ್ಟಿಗೆ ತಿರುಗಿಸದೆ ಪ್ರೋಗ್ರಾಂನಲ್ಲಿ ಒಂದಾದ ಮೇಲೊಂದು ತಿರುಗಿಸಿ. ಪ್ರತಿ 20 ಮಿಲಿಸೆಕೆಂಡಿಗೆ 10 ಮೈಕ್ರೊಸೆಕೆಂಡ್ ಮಾತ್ರ ಬದಲಿಸಿದರೆ ಪಾಯಿಂಟ್ ಒಂದು ಸೆಕೆಂಡಿನಲ್ಲಿ ನಿಧಾನಕ್ಕೆ ಹೋಗುತ್ತದೆ. ನೋಡಲೂ ನಿಜವಾದ ಪಾಯಿಂಟಿನ ಹಾಗೇ ಇರುತ್ತದೆ, ಕರೆಂಟಿನ ಎಳೆತವೂ ತಗ್ಗುತ್ತದೆ. ಪವರ್ ಕೊಡುವ ಜಾಗದಲ್ಲಿ 1000 ಮೈಕ್ರೊಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಹಾಕಿ. ಅದರ ಪ್ಲಸ್ ಮೈನಸ್ ಎರಡು ಸಲ ನೋಡಿ ಹಾಕಿ, ಉಲ್ಟಾ ಹಾಕಿದರೆ ಸಿಡಿಯುತ್ತದೆ.

ವೋಲ್ಟೇಜ್ ಅಳೆಯುವುದಾದರೆ ಅಡಾಪ್ಟರ್ ಹತ್ತಿರ ಅಲ್ಲ, ಸರ್ವೋ ಪ್ಲಗ್ ಹತ್ತಿರ ಅಳೆಯಿರಿ. ಅದೂ ಸರ್ವೋ ಚಲಿಸುತ್ತಿರುವಾಗ. 4.5ಕ್ಕಿಂತ ಕೆಳಗಿಳಿದರೆ ವೈರ್ ತೆಳುವಾಗಿದೆ ಅಥವಾ ಬ್ರೆಡ್‌ಬೋರ್ಡ್ ಸಂಪರ್ಕ ಸಡಿಲವಾಗಿದೆ. ಕೂದಲಿನಂಥ ಜಂಪರ್ ವೈರನ್ನು ಎರಡು ಮೂರು ಮೀಟರ್ ಎಳೆದರೆ ಹೀಗಾಗುತ್ತದೆ. ಪವರ್‌ಗೆ ದಪ್ಪ ವೈರ್ ಹಾಕಿ.

ರೈಲು ಓಡುವಾಗ ಮಾತ್ರ ಸರ್ವೋ ನಡುಗುತ್ತದೆ

ಹಳಿಯ ಪವರ್ ಆಫ್ ಮಾಡಿದರೆ ನಡುಕ ನಿಲ್ಲುತ್ತದೆ ಅಂದರೆ ಹಳಿಯ ವೈರಿನಿಂದ ಗದ್ದಲ ಸಿಗ್ನಲ್‌ಗೆ ಬರುತ್ತಿದೆ. ಡಿಸಿಸಿ, ಅಂದರೆ ಹಳಿಯ ಪವರ್ ಜೊತೆಗೇ ಎಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ, ಇರುವ ಲೇಔಟ್‌ಗಳಲ್ಲಿ ಇದು ಜಾಸ್ತಿ. ಹಳಿಯ ಮುಖ್ಯ ವೈರ್ ಮತ್ತು ಸರ್ವೋ ವೈರ್ ಒಂದೇ ಕ್ಲಿಪ್ಪಿನಲ್ಲಿ ಜೊತೆಗೆ ಹೋಗುತ್ತಿದ್ದರೆ ಬೇರೆ ಮಾಡಿ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ. ಸರ್ವೋ ವೈರನ್ನು ಉದ್ದ ಮಾಡಬೇಕಾದರೆ ಇಂಟರ್ನೆಟ್ ಕೇಬಲ್‌ನ ಒಂದು ಜೋಡಿ ಒಳ್ಳೆಯದು. ಹೆಣೆದ ಆ ಜೋಡಿಯಲ್ಲಿ ಒಂದು ಸಿಗ್ನಲ್, ಇನ್ನೊಂದು ಗ್ರೌಂಡ್. ಅದಕ್ಕೂ ನಿಲ್ಲದಿದ್ದರೆ ಫೆರೈಟ್ ಉಂಗುರಕ್ಕೆ ಮೂರು ನಾಲ್ಕು ಸುತ್ತು ಸುತ್ತಿ. ಪಲ್ಸ್ ನಿಲ್ಲಿಸುವ ಉಪಾಯ ಇಲ್ಲಿ ಪೂರ್ತಿ ನೆರವಾಗುವುದಿಲ್ಲ, ಹೊರಗಿನ ಗದ್ದಲವನ್ನೇ ಸರ್ವೋ ಪಲ್ಸ್ ಅಂದುಕೊಳ್ಳಬಹುದು.

ಪಾಯಿಂಟ್ ಸರಿಯಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಫ್ರಾಗ್ ಮೇಲೆ ನಿಲ್ಲುತ್ತದೆ

ಇದು ಸರ್ವೋ ದೋಷ ಅಲ್ಲ. ಎರಡು ಹಳಿಗಳು ಕೂಡುವ ಲೋಹದ ಫ್ರಾಗ್‌ಗೆ ಪಾಯಿಂಟ್ ಇರುವ ಕಡೆಗೆ ತಕ್ಕಂತೆ ಪವರ್ ಬದಲಾಗಬೇಕು. ಸರ್ವೋಗೆ ಆ ಸ್ವಿಚ್ ಇರುವುದಿಲ್ಲ. ಹಾರ್ನ್ ತಾಗುವಂತೆ ಒಂದು ಮೈಕ್ರೋಸ್ವಿಚ್ ಕೂರಿಸಬೇಕು ಅಥವಾ ಬೋರ್ಡಿನಿಂದ ರಿಲೇ ಓಡಿಸಬೇಕು.

ಸ್ವಿಚ್ ಇದ್ದೂ ತಿರುಗಿಸುವಾಗ ಹಳಿ ಶಾರ್ಟ್ ಆದರೆ ಅದು ಬದಲಾಗುವ ಹೊತ್ತು ತಪ್ಪಿದೆ. ಬ್ಲೇಡ್ ಇನ್ನೂ ಹಳೆಯ ರೈಲನ್ನು ಬಿಟ್ಟಿರುವುದಿಲ್ಲ, ಫ್ರಾಗ್ ಆಗಲೇ ಬದಲಾಗಿರುತ್ತದೆ. ಸ್ವಿಚ್ಚನ್ನು ಒಂದು ಮಿ.ಮೀ. ಆಚೀಚೆ ಸರಿಸಿ, ಪ್ರಯಾಣದ ಮಧ್ಯದಲ್ಲಿ ಬದಲಾಗುವಂತೆ ಮಾಡಿ. ಹಳಿಯ ಪವರ್ ತೆಗೆದು ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಎರಡೂ ಸ್ಥಿತಿಯಲ್ಲಿ ಫ್ರಾಗ್ ಯಾವ ಹಳಿಗೆ ಸೇರಿದೆ ನೋಡಿ. ಹಳಿಗೆ ಪವರ್ ಕೊಡುವ ಬೂಸ್ಟರ್ ಪದೇ ಪದೇ ಟ್ರಿಪ್ ಆಗುತ್ತಿದ್ದರೆ ಒತ್ತಾಯದಿಂದ ಆನ್ ಮಾಡುತ್ತಾ ಹೋಗಬೇಡಿ. ಶಾರ್ಟ್ ಆದ ಜಾಗದಲ್ಲಿ ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತದೆ.

ನಿನ್ನೆ ಸರಿ ಇತ್ತು, ಇವತ್ತು ಇಲ್ಲ

ಸರ್ವೋ ಕೂತ ಜಾಗ ನೋಡಿ. ಹಾರ್ನ್ ತಿರುಗುವಾಗ ಸರ್ವೋದ ಮೈಯೇ ಅಲುಗಾಡುತ್ತಿದೆಯಾ? ಡಬಲ್ ಟೇಪ್ ಅಥವಾ ಗ್ಲೂ ಗನ್ ಅಂಟು ಬೇಸಿಗೆಯಲ್ಲಿ ಮೆತ್ತಗಾಗುತ್ತದೆ, ಸರ್ವೋ ಕೂದಲೆಳೆಯಷ್ಟು ಜಾರುತ್ತದೆ. ಎರಡು ಸ್ಕ್ರೂ ಹಾಕಿದ ಪಟ್ಟಿಯೇ ಸರಿ. ಹಾರ್ನ್ ಮಧ್ಯದ ಪುಟ್ಟ ಸ್ಕ್ರೂ ಹಾಕಿದ್ದೀರಾ ಅನ್ನುವುದನ್ನೂ ನೋಡಿ. ಅದಿಲ್ಲದಿದ್ದರೆ ಹಾರ್ನ್ ದಿನ ಕಳೆದಂತೆ ಮೇಲೆದ್ದು ಹಲ್ಲು ತಪ್ಪುತ್ತದೆ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಕಾರಣ ಇದೆ. ಮಳೆಗಾಲದಲ್ಲಿ ಪ್ಲೈವುಡ್ ಉಬ್ಬುತ್ತದೆ, ಅಳತೆ ಬದಲಾಗುತ್ತದೆ. ಮಳೆ ಶುರುವಾದ ಮೇಲೆ ಒಮ್ಮೆ ಎಲ್ಲ ಪಾಯಿಂಟ್‌ಗಳಿಗೂ ನ್ಯೂಸ್‌ಪೇಪರ್ ಪರೀಕ್ಷೆ ಮಾಡಿ.

ಕರಕರ ಸದ್ದು, ಬಿಸಿ, ಸುಟ್ಟ ವಾಸನೆ

ಕರಕರ ಅಂದು ಹಾರ್ನ್ ಒಂದು ಜಾಗದಲ್ಲಿ ಜಾರಿದರೆ ಗಿಯರ್ ಹಲ್ಲು ಮುರಿದಿದೆ. ರಿಪೇರಿ ಮಾಡುವ ಬೆಲೆಯ ವಸ್ತು ಅಲ್ಲ, ಬದಲಿಸಿ. ಲೋಹದ ಗಿಯರಿನ ಎಂಜಿ90ಎಸ್ ಅದೇ ಅಳತೆಗೆ ಹತ್ತಿರ ಇದೆ. ಆದರೆ ಹಲ್ಲು ಯಾಕೆ ಮುರಿಯಿತು ಅನ್ನುವುದನ್ನು ಕಂಡುಹಿಡಿಯದೆ ಹಾಕಬೇಡಿ.

ಕೆಲಸವಿಲ್ಲದೆ ನಿಂತಿರುವ ಸರ್ವೋ ಮುಟ್ಟಿದರೆ ಬೆಚ್ಚಗಿದ್ದರೆ ಅದು ಇನ್ನೂ ಎಲ್ಲೋ ತಳ್ಳುತ್ತಿದೆ. ಗುಂಯ್ ಸದ್ದಿನ ಭಾಗಕ್ಕೆ ವಾಪಸ್ ಹೋಗಿ. ಬೆರಳು ಇಡಲಾಗದಷ್ಟು ಬಿಸಿ, ಅಥವಾ ವಾಸನೆ, ಅಥವಾ ಹೊಗೆ ಕಂಡರೆ ಪ್ಲಗ್ ಕಿತ್ತುಹಾಕಿ. ಆ ಸರ್ವೋವನ್ನು ಮತ್ತೆ ಹಚ್ಚಿ ನೋಡಬೇಡಿ. ಮಲ್ಟಿಮೀಟರಿನಲ್ಲಿ ಅಡಾಪ್ಟರಿನ ವೋಲ್ಟೇಜ್ ಅಳೆಯಿರಿ. 6 ವೋಲ್ಟ್ ದಾಟಿದ್ದರೆ ದೋಷ ಅಡಾಪ್ಟರಿನದು, ಉಳಿದ ಸರ್ವೋಗಳೂ ಅಪಾಯದಲ್ಲಿವೆ. ಅಡಾಪ್ಟರ್ ಬಿಚ್ಚುವ ಕೆಲಸ ಮಾತ್ರ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು. ಹೊಸದು ತನ್ನಿ, ಇಲ್ಲವೇ ಅಂಗಡಿಯವರಿಗೆ ಕೊಡಿ.

ಸರ್ವೋ ಬದಲಿಸಿದ ಮೇಲೆ ಹಳೆಯ ಅಳತೆಗಳು ಹಾಗೇ ನಡೆಯುವುದಿಲ್ಲ. ಒಂದೇ ಪೊಟ್ಟಣದ ಎರಡು ಎಸ್‌ಜಿ90ಗಳೂ ಒಂದೇ ಪಲ್ಸಿಗೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹಾರ್ನ್ ಹಾಕುವ ಮೊದಲು ಸರ್ವೋಗೆ 1500ರ ಪಲ್ಸ್ ಕೊಟ್ಟು ಮಧ್ಯಕ್ಕೆ ತನ್ನಿ, ಟೈ ಬಾರನ್ನು ಮಧ್ಯದಲ್ಲಿಟ್ಟು ತಂತಿ ಸೇರಿಸಿ, ಎರಡೂ ತುದಿಗಳನ್ನು ಹೊಸದಾಗಿ ಹುಡುಕಿ. ಸಿಕ್ಕ ಎರಡು ಸಂಖ್ಯೆಗಳನ್ನು ಕಾಗದದ ಟೇಪಿನ ಮೇಲೆ ಪೆನ್ನಿನಲ್ಲಿ ಬರೆದು ಆ ಸರ್ವೋ ಪಕ್ಕದಲ್ಲೇ ಹಲಗೆಗೆ ಅಂಟಿಸಿ. ನನ್ನ ಏಳನೇ ಪಾಯಿಂಟಿನ ಟೇಪಿನ ಮೇಲೆ 1310, 1690 ಅಂತಿದೆ, ಕೆಳಗೆ ಬದಲಿಸಿದ ತಾರೀಖು.